ಮಳೆ, ಮಂಜು, ರಾಡಿ: ಹುಬ್ಬಳ್ಳಿ-ಧಾರವಾಡಕ್ಕೆ ಯಾವ ಸ್ಪೋರ್ಟ್ಸ್ ಕಾರು ಸರಿ?

ಪೋರ್ಶೆ, ಲ್ಯಾಂಬೋರ್ಗಿನಿ ತಗೋಬೇಕು ಎನ್ನುವವರು ಮೊದಲು ಎಂಜಿನ್ ಬಗ್ಗೆ ಕೇಳುತ್ತಾರೆ. ಪವರ್ ಎಷ್ಟು, ನೂರರ ವೇಗಕ್ಕೆ ಎಷ್ಟು ಸೆಕೆಂಡ್ ಬೇಕು. ಆಮೇಲೆ ಕೇಳುವುದು ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತದೋ, ಎರಡಕ್ಕೆ ಮಾತ್ರವೋ ಎಂದು. ನನ್ನ ಪ್ರಕಾರ ಈ ಎರಡೂ ಆಮೇಲಿನ ಮಾತು. ನಮ್ಮ ಕಡೆ ವರ್ಷದ ಅರ್ಧದಷ್ಟು ದಿನ ರಸ್ತೆ ಒಂದಲ್ಲ ಒಂದು ರೀತಿ ಕೈಕೊಡುತ್ತದೆ. ಆಗ ಗಾಡಿಯನ್ನೂ ನಿಮ್ಮನ್ನೂ ಕಾಯುವುದು ಮೊದಲು ಟೈರ್. ನಂತರ ಗಾಡಿ ನೆಲದಿಂದ ಎಷ್ಟು ಮೇಲಿದೆ ಎನ್ನುವುದು. ಡ್ರೈವ್, ಅಂದರೆ ಪವರ್ ಯಾವ ಚಕ್ರಕ್ಕೆ ಹೋಗುತ್ತದೆ ಎನ್ನುವುದು, ಮೂರನೆಯದು. ಬ್ರ್ಯಾಂಡ್ ಕೊನೆಗೆ. ಕೋಟಿಗಟ್ಟಲೆ ದುಡ್ಡು ಸುರಿಯುವ ಮೊದಲು ಈ ಕ್ರಮದಲ್ಲೇ ಯೋಚಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ನಮ್ಮ ಹವಾಮಾನ ಬೇರೆ, ಹೊರಗಿನವರ ಸಲಹೆ ಬೇರೆ

ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಯೆಲ್ಲ ಹೆಚ್ಚಾಗಿ ಯುರೋಪ್, ಅಮೆರಿಕದ್ದು. ಅಲ್ಲಿ ಹಿಮ ಬೀಳುತ್ತದೆ. ಹಿಮ ಕರಗಲಿ ಎಂದು ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ಗಾಡಿಯ ಅಡಿಭಾಗವನ್ನು ತಿನ್ನುತ್ತದೆ. ತಾಪಮಾನ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಅಲ್ಲಿಯವರು ಚಳಿಗಾಲದ ಟೈರ್ ಬೇರೆ ಇಟ್ಟುಕೊಳ್ಳುತ್ತಾರೆ.

ಧಾರವಾಡದಲ್ಲಿ ಜನವರಿಯ ಬೆಳಗಿನ ಜಾವವೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಹಾಗಾಗಿ ಚಳಿಗಾಲದ ಟೈರ್ ನಮಗೆ ಬೇಡವೇ ಬೇಡ. ಅದರ ರಬ್ಬರ್ ಮೆತ್ತಗಿರುತ್ತದೆ. ನಮ್ಮ ಬಿಸಿಲಿಗೆ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಇನ್ನೂ ದೂರ ಹೋಗಿ ನಿಲ್ಲುತ್ತದೆ. ಚಳಿಯಿಂದ ನಮಗೆ ತೊಂದರೆ ಇಲ್ಲ. ಚಳಿಗಾಲದ ಮಂಜಿನಿಂದ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ತೊಂದರೆ ಶುರುವಾಗುವುದು ಜೂನ್‌ನ ಮಿರಗದ ಮಳೆಗಿಂತ ಮೊದಲೇ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಗುಡುಗಿ ಒಮ್ಮೆಲೇ ಸುರಿಯುತ್ತದಲ್ಲ, ಆ ಮಳೆಯ ಮೊದಲ ಹತ್ತಿಪ್ಪತ್ತು ನಿಮಿಷ ಇಡೀ ವರ್ಷದಲ್ಲೇ ಅಪಾಯದ ಹೊತ್ತು. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಎಣ್ಣೆ, ಧೂಳು, ಟೈರಿನ ಪುಡಿ ನೀರಿನ ಜೊತೆ ಸೇರಿ ಜಾರುವ ಪದರವಾಗುತ್ತದೆ. ಜೋರಾಗಿ ಮಳೆ ಹೊಡೆದು ಅದು ತೊಳೆದುಹೋದ ಮೇಲೆ ರಸ್ತೆ ಎಷ್ಟೋ ಸುಧಾರಿಸುತ್ತದೆ.

ಮುಂಗಾರು ಹಿಡಿದ ಮೇಲೆ ನಮ್ಮ ಸೀಮೆಯಲ್ಲೇ ಎರಡು ಹವಾಮಾನ. ಪಶ್ಚಿಮಕ್ಕೆ ಧಾರವಾಡ, ಕಲಘಟಗಿ, ಆ ಕಡೆ ಹಾನಗಲ್ಲ ಎಲ್ಲ ಮಲೆನಾಡಿನ ಸೆರಗು. ದಿನವಿಡೀ ಜಿಟಿಜಿಟಿ. ರಸ್ತೆ ವಾರಗಟ್ಟಲೆ ಒಣಗುವುದಿಲ್ಲ, ತೆಗ್ಗಿನಲ್ಲಿ ನೀರು ತುಂಬಿ ಆಳ ಕಾಣುವುದಿಲ್ಲ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ ಕಡೆ ಮಳೆ ಕಡಿಮೆ. ಆದರೆ ಅಲ್ಲಿರುವುದು ಎರಿ ಮಣ್ಣು. ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಹತ್ತಿದರೆ ಚಕ್ರಕ್ಕೆ ಮೆತ್ತಿದ ರಾಡಿಯೆಲ್ಲ ಡಾಂಬರಿನ ಮೇಲೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಬೆಣ್ಣೆ ಸವರಿದ ಹಂಚಿನಂತಾಗುತ್ತದೆ. ಎಂಥ ದುಬಾರಿ ಟೈರ್ ಇದ್ದರೂ ಅಲ್ಲಿ ಹಿಡಿತ ಸಿಗದು. ವೇಗ ಇಳಿಸುವುದೊಂದೇ ದಾರಿ.

ಇನ್ನು ಸುಗ್ಗಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನವಲಗುಂದ ಕಡೆ ಹೆಸರುಕಾಳು, ಅಕ್ಟೋಬರ್-ನವೆಂಬರ್‌ನಲ್ಲಿ ಹಾವೇರಿ ಕಡೆ ಗೋವಿನಜೋಳ ರಸ್ತೆಯ ಮೇಲೇ ಒಣಗುತ್ತಿರುತ್ತದೆ. ರೈತರಿಗೆ ಬೇರೆ ಜಾಗ ಇಲ್ಲ. ಕಾಳಿನ ಮೇಲೆ ಅಗಲ ಟೈರ್ ಹತ್ತಿದರೆ ಗಾಡಿ ಗುಂಡಿನ ಮೇಲೆ ನಿಂತಂತೆ ಉರುಳುತ್ತದೆ. ಹೊಟ್ಟು, ರವದಿ ಗಾಡಿಯ ಅಡಿಗೆ ಸಿಕ್ಕಿಕೊಂಡು ಬಿಸಿ ಸೈಲೆನ್ಸರ್ ಪಕ್ಕ ನಿಂತರೆ ಬೆಂಕಿ ಹತ್ತುವ ಭಯ ಬೇರೆ. ಇದನ್ನು ಹೊರದೇಶದ ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ.

ಓಡಿಸುವುದೋ, ನಿಲ್ಲಿಸುವುದೋ

ಯಾವ ಗಾಡಿ ಎನ್ನುವುದಕ್ಕಿಂತ ಮೊದಲು ಇದನ್ನು ತೀರ್ಮಾನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಗೆ ಹೊದಿಕೆ ಹಾಕಿ ನಿಲ್ಲಿಸುತ್ತೀರಾ, ಅಥವಾ ಓಡಿಸುತ್ತೀರಾ? ನಿಲ್ಲಿಸುವವರಾದರೆ ಮನಸ್ಸಿಗೆ ಬಂದ ಗಾಡಿ ತಗೊಳ್ಳಿ. ಫೆರಾರಿಯೋ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್ ಇರುವ ಲ್ಯಾಂಬೋರ್ಗಿನಿ ಹುರಾಕಾನೋ, ಯಾವುದಾದರೂ ಸರಿ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ಹವೆ ಬಹಳ ಚಂದ. ಐದು ತಿಂಗಳು ಸುಖವಾಗಿ ಓಡಿಸಬಹುದು.

ಆದರೆ ನಿಲ್ಲಿಸುವುದೂ ಒಂದು ಕೆಲಸ. ಸುಮ್ನೆ ಶೆಡ್ಡಿಗೆ ತಳ್ಳಿ ಮರೆತರೆ ಸೆಪ್ಟೆಂಬರ್‌ನಲ್ಲಿ ದೊಡ್ಡ ಬಿಲ್ ಬರುತ್ತದೆ. ಈ ಗಾಡಿಗಳಲ್ಲಿ ಅಲಾರಂ, ಕಂಪ್ಯೂಟರ್ ಎಲ್ಲ ಸದಾ ಎಚ್ಚರವಾಗಿರುವುದರಿಂದ ಬ್ಯಾಟರಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ತುಂಬಿದ ಕೂಡಲೇ ತಾನಾಗಿ ನಿಲ್ಲುವ, ಗಾಡಿಯ ಬ್ಯಾಟರಿಗೆ ಹೊಂದುವ ಚಾರ್ಜರ್ ಹಚ್ಚಿಡಬೇಕು. ಟೈರ್ ಒಂದೇ ಕಡೆ ಒತ್ತಿ ಚಪ್ಪಟೆಯಾಗದಂತೆ ಗಾಳಿ ಸ್ವಲ್ಪ ಜಾಸ್ತಿ ಹೊಡೆಸಿ, ಆಗಾಗ ಗಾಡಿಯನ್ನು ಒಂದಿಷ್ಟು ಮುಂದೆ-ಹಿಂದೆ ಸರಿಸಬೇಕು. ಟ್ಯಾಂಕ್ ತುಂಬಿಸಿಡಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಖಾಲಿ ಟ್ಯಾಂಕಿನಲ್ಲಿ ಗಾಳಿ ಜಾಸ್ತಿ, ತೇವವೂ ಜಾಸ್ತಿ. ಪಾರ್ಕಿಂಗ್ ಬ್ರೇಕ್ ಎಳೆದು ಬಿಡಬೇಡಿ, ತೇವಕ್ಕೆ ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ನೆಲ ಸಮ ಇರುವ ಕಡೆ ಚಕ್ರಕ್ಕೆ ಅಡೆ ಇಟ್ಟರೆ ಸಾಕು.

ಹೊದಿಕೆ ವಿಷಯದಲ್ಲಿ ಪ್ಲಾಸ್ಟಿಕ್ ತಾಡಪತ್ರಿ ಬೇಡ. ಒಳಗೆ ಬೆವರಿ ಬಣ್ಣದ ಮೇಲೆ ಕಲೆ ಬೀಳುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಆಗಬೇಕು. ಮತ್ತೆ ಇಲಿ, ಹೆಗ್ಗಣ. ಮಳೆ ಜೋರಾದಾಗ ಅವು ಬೆಚ್ಚನೆಯ ಜಾಗ ಹುಡುಕಿ ಎಂಜಿನ್ ಹತ್ತಿರ ಬರುತ್ತವೆ. ಒಂದು ವೈರಿಂಗ್ ಸೆಟ್ ಕಡಿದರೆ ಗಾಡಿಯನ್ನು ಬೆಂಗಳೂರಿಗೆ ಸಾಗಿಸಬೇಕು. ಶೆಡ್ಡಿನ ಕೆಳಗಿನ ಸಂದು, ಮೋರಿಯ ಬಾಯಿ ಮುಚ್ಚಿಸುವ ಖರ್ಚು ಅದರ ಮುಂದೆ ಏನೂ ಅಲ್ಲ.

ನನ್ನ ಒಲವು ಓಡಿಸುವ ಕಡೆಗೇ. ನಾಲ್ಕು ತಿಂಗಳು ನಿಂತ ಗಾಡಿ ನಿಂತೇ ಹಾಳಾಗುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ. ಮಳೆ ಬಿಟ್ಟ ದಿನ, ರಸ್ತೆ ಗೊತ್ತಿರುವ ಕಡೆ ಓಡಿಸುವುದಕ್ಕೆ ಆಗುವಂಥ ಗಾಡಿ ತಗೊಂಡರೆ ಕೊಟ್ಟ ದುಡ್ಡಿಗೂ ಸಾರ್ಥಕ. ಮುಂದಿನದೆಲ್ಲ ಹಾಗೆ ಓಡಿಸುವವರಿಗಾಗಿ.

ಟೈರ್: ಎಲ್ಲಕ್ಕಿಂತ ಮೊದಲು

ಗಾಡಿಯೊಂದಿಗೆ ಬರುವ ಟೈರ್ ಮೂರು ಬಗೆ ಇರಬಹುದು. ಒಂದು, ಟ್ರ್ಯಾಕಿಗೆಂದೇ ಮಾಡಿದ, ರಸ್ತೆಗೂ ಪರವಾನಗಿ ಇರುವ ಟೈರ್. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಪಿರೆಲ್ಲಿ ಟ್ರೋಫಿಯೋ ಈ ಜಾತಿ. ಪೋರ್ಶೆ ಜಿಟಿ3 ತರಹದ ಗಾಡಿಗಳಿಗೆ ಇದೇ ಬರುತ್ತದೆ. ಗೀರು ಕಡಿಮೆ, ಆಳವೂ ಕಡಿಮೆ. ಬಿಸಿಯಾದರೆ ಮಾತ್ರ ಹಿಡಿತ. ನಿಂತ ನೀರಿನಲ್ಲಿ ಇದು ಗಾಡಿಯನ್ನು ದೋಣಿ ಮಾಡಿಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ಈ ಟೈರಿನ ಮೇಲೆ ಗಾಡಿ ಹೊರಗೆ ತೆಗೆಯಲೇಬಾರದು.

ಎರಡು, ರಸ್ತೆಯ ಬೇಸಿಗೆ ಟೈರ್. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಪಿರೆಲ್ಲಿ ಪಿ ಝೀರೋ, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7 ಇಂಥವು. ಹೆಸರು ಬೇಸಿಗೆ ಎಂದಿದ್ದರೂ ಮಳೆಯಲ್ಲಿ ಇವು ತುಂಬಾ ಚೆನ್ನಾಗಿ ಕೆಲಸ ಮಾಡುತ್ತವೆ. ಬೇಸಿಗೆ ಎಂದರೆ ಇಲ್ಲಿ 7 ಡಿಗ್ರಿಗಿಂತ ಮೇಲೆ ಎಂದಷ್ಟೇ ಅರ್ಥ. ನಮ್ಮ ಮುಂಗಾರು 20-25 ಡಿಗ್ರಿಯದ್ದು. ನಮಗೆ ಬೇಕಾಗಿರುವುದು ಇದೇ.

ಮೂರನೆಯದು ಎತ್ತರಿಸಿದ ಸ್ಪೋರ್ಟ್ಸ್ ಕಾರುಗಳಿಗೆ ಬರುವ, ದಪ್ಪ ಗುಬ್ಬಿಯ ಆಲ್ ಟೆರೇನ್ ಟೈರ್. ಕಚ್ಚಾ ರಸ್ತೆಗೆ ಒಳ್ಳೆಯದು. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದರೆ ಎರಡನೆಯ ಬಗೆಯಷ್ಟು ಬೇಗ ನಿಲ್ಲುವುದಿಲ್ಲ.

ಈಗ ಅಗಲ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಟೈರ್ ಎಷ್ಟು ಅಗಲವೋ ಅಷ್ಟು ಜಾಸ್ತಿ ನೀರನ್ನು ಅದು ಪಕ್ಕಕ್ಕೆ ತಳ್ಳಬೇಕು. ತಳ್ಳಲಾಗದಿದ್ದರೆ ನೀರಿನ ಮೇಲೆ ಏರಿ ತೇಲುತ್ತದೆ. ಆಗ ಸ್ಟಿಯರಿಂಗ್ ಹಗುರಾಗುತ್ತದೆ, ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಸಣ್ಣ ಹ್ಯಾಚ್‌ಬ್ಯಾಕಿನ ಟೈರ್ 165 ಮಿಲಿಮೀಟರ್ ಅಗಲ ಇದ್ದರೆ, ಹುರಾಕಾನ್‌ನ ಹಿಂದಿನ ಟೈರ್ 305. ಪಕ್ಕದಲ್ಲಿ ಸಾದಾ ಆಲ್ಟೊ ಆರಾಮಾಗಿ ಹೋಗುತ್ತಿದೆ, ನನ್ನದು ಯಾಕೆ ತೇಲುತ್ತಿದೆ ಎಂದು ಆಶ್ಚರ್ಯಪಡುವವರಿಗೆ ಇದೇ ಉತ್ತರ.

ಅಗಲದ ಜೊತೆ ಟೈರಿನ ಗೋಡೆಯ ಎತ್ತರವನ್ನೂ ಲೆಕ್ಕ ಹಾಕಿ. ಟೈರ್ ಮೇಲೆ 245/30 ಎಂದಿದ್ದರೆ ಗೋಡೆ 245ರ ಶೇಕಡಾ 30, ಅಂದರೆ 73.5 ಮಿಲಿಮೀಟರ್. ಇದು ಹುರಾಕಾನ್‌ನ ಮುಂದಿನ ಟೈರ್. ಪೋರ್ಶೆ 911 ಕರೇರಾ ಎಸ್ ಮುಂದಿನದು 245/35, ಸುಮಾರು 86. ಎಲ್ಲಕ್ಕಿಂತ ಕಡಿಮೆ ಬೆಲೆಯ ಸಾದಾ ಕರೇರಾದ್ದು 235/40, ಅಂದರೆ 94. ನೀರು ತುಂಬಿದ ತೆಗ್ಗಿಗೆ ಚಕ್ರ ಬಿದ್ದಾಗ ರಿಮ್ ಉಳಿಯುವುದು ಈ ಇಪ್ಪತ್ತು ಮಿಲಿಮೀಟರಿನಲ್ಲಿ. ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸ್ಟೆಪ್ನಿ ಇರುವುದಿಲ್ಲ. ಪಂಚರ್ ತುಂಬುವ ದ್ರವ, ಸಣ್ಣ ಪಂಪ್ ಅಷ್ಟೇ. ಗೋಡೆ ಸೀಳಿದರೆ ಆ ದ್ರವದಿಂದ ಏನೂ ಆಗುವುದಿಲ್ಲ. ಶೋರೂಮಿನಲ್ಲಿ ದೊಡ್ಡ ಚಕ್ರ ಚಂದ ಕಾಣುತ್ತದೆ, ನಿಜ. ನಮ್ಮ ಊರಿಗೆ ಮಾತ್ರ ಆ ಮಾಡೆಲಿಗೆ ಸಿಗುವ ಅತಿ ಚಿಕ್ಕ ಚಕ್ರವನ್ನೇ ಆರಿಸಿ.

ಗೀರಿನ ಆಳ ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಇದ್ದರೆ ಸಾಕು. ಅಗಲ ಟೈರಿಗೆ ಅದು ಸಾಲದು. 3 ಮಿಲಿಮೀಟರಿಗೆ ಬಂದಾಗಲೇ ಬದಲಿಸಿ, ಅದೂ ಮಿರಗಕ್ಕೆ ಮೊದಲು. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಗಾಡಿಯಲ್ಲಿ ಗೀರು ಹೊಸದರಂತೆ ಕಾಣುತ್ತಿರುತ್ತದೆ, ರಬ್ಬರ್ ಮಾತ್ರ ಒಳಗೇ ಗಟ್ಟಿಯಾಗಿರುತ್ತದೆ. ಐದಾರು ವರ್ಷವಾದ ಟೈರ್ ಮಳೆಯಲ್ಲಿ ನಂಬಬೇಡಿ.

ಎತ್ತರ

ನಮ್ಮ ದೇಶದ ರಸ್ತೆ ನಿಯಮದಲ್ಲಿ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲ ಇದ್ದರೆ ಹೆಚ್ಚಿನ ಗಾಡಿಗಳು ತಾಗದೆ ದಾಟುತ್ತವೆ. ಹಳ್ಳಿ ದಾರಿಯಲ್ಲಿ ಸಿಗುವುದು ಅಗಲ ಕಡಿಮೆ ಇರುವ, ಚೂಪು ಹಂಪ್. ಮಳೆಯಲ್ಲಿ ಅದಕ್ಕೆ ಬಳಿದ ಬಿಳಿ ಬಣ್ಣ ಕೂಡ ಕಾಣುವುದಿಲ್ಲ.

ಮುಂಭಾಗ ಎತ್ತುವ ಲಿಫ್ಟ್ ಎನ್ನುವುದು ನಮ್ಮ ಕಡೆ ಶೋಕಿಯಲ್ಲ, ಅಗತ್ಯ. ಈಗಿನ 911ರಲ್ಲಿ ಬಟನ್ ಒತ್ತಿದರೆ ಮೂತಿ ಸುಮಾರು 40 ಮಿಲಿಮೀಟರ್ ಏಳುತ್ತದೆ, ಗಂಟೆಗೆ 35 ಕಿಲೋಮೀಟರ್‌ವರೆಗಿನ ವೇಗದಲ್ಲಿ ಕೆಲಸ ಮಾಡುತ್ತದೆ. ಒಮ್ಮೆ ಜಾಗ ನೆನಪಿಡು ಎಂದರೆ ಮುಂದಿನ ಸಲ ಅಲ್ಲಿಗೆ ಬಂದಾಗ ತಾನೇ ಎತ್ತುತ್ತದೆ. ಮನೆಯ ಮುಂದಿನ ಹಂಪ್, ಪೆಟ್ರೋಲ್ ಬಂಕಿನ ಇಳಿಜಾರು, ಎಲ್ಲವನ್ನೂ ಸೇರಿಸಿಡಬಹುದು. ಹಳೆಯ ಗಾಡಿ ಕೊಳ್ಳುವವರು ಲಿಫ್ಟ್ ಇಲ್ಲದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡಿ. ಆಮೇಲೆ ಹಾಕಿಸುವುದು ದುಬಾರಿ, ತಲೆನೋವು ಬೇರೆ.

ಲಿಫ್ಟ್ ಹಂಪಿಗೆ ಆಯಿತು, ನೀರಿಗೆ ಆಗುವುದಿಲ್ಲ. ನಿಂತ ನೀರು ರಿಮ್ಮಿನ ಕೆಳ ಅಂಚು ದಾಟಿ ಮೇಲಿದೆ ಎಂದರೆ ಹಿಂದಕ್ಕೆ ತಿರುಗಿ. ಗಾಳಿ ಎಳೆದುಕೊಳ್ಳುವ ಬಾಯಿಗೆ ನೀರು ಹೋದರೆ ಎಂಜಿನ್ ಒಳಗೆ ರಾಡ್ ಬಾಗುತ್ತದೆ. ಅದಕ್ಕೂ ಮೊದಲೇ ಅಡಿಯ ಪ್ಲಾಸ್ಟಿಕ್ ತಗಡುಗಳು ನೀರಿನ ಒತ್ತಡಕ್ಕೆ ಕಿತ್ತು ಬರುತ್ತವೆ. ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿನ ದಾರಿ ಮಧ್ಯದಲ್ಲಿದೆ, ನಮ್ಮ ದಾರಿ ಎರಡೂ ಬದಿಗೆ. ಜೋರು ಮಳೆಯಲ್ಲಿ ಧಾರವಾಡದ ಟೋಲ್ ನಾಕಾ ಹತ್ತಿರ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಅಲ್ಲಿ ನಿಂತ ನೀರಿಗಿಂತ, ಪಕ್ಕದಲ್ಲಿ ಹೋಗುವ ದೊಡ್ಡ ಗಾಡಿ ಎಬ್ಬಿಸುವ ಅಲೆಗೆ ಹೆದರಬೇಕು.

ಡ್ರೈವ್ ಮತ್ತು ಎಂಜಿನ್ ಇರುವ ಜಾಗ

ನಾಲ್ಕೂ ಚಕ್ರಕ್ಕೆ ಪವರ್ ಇದ್ದರೆ ಒದ್ದೆ ರಸ್ತೆಯಲ್ಲಿ ಗಾಡಿ ಜಾರದೆ ಮುಂದಕ್ಕೆ ಹೋಗುತ್ತದೆ. ಅಷ್ಟೇ. ಬ್ರೇಕ್ ಹಾಕಿದಾಗ ಅದು ಏನೂ ಸಹಾಯ ಮಾಡುವುದಿಲ್ಲ, ಬ್ರೇಕ್ ಎಲ್ಲ ಗಾಡಿಗೂ ನಾಲ್ಕೇ ಇರುತ್ತದೆ. ನೀರಿನ ಮೇಲೆ ತೇಲುವುದನ್ನೂ ತಪ್ಪಿಸುವುದಿಲ್ಲ. ಬೇಗ ವೇಗ ಸಿಗುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎನ್ನುವುದು ಕಾಲಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ತಿರುವಿನಲ್ಲಿ. ನಾಲ್ಕು ಚಕ್ರದ ಗಾಡಿಯವರಿಗೆ ಮಳೆಯಲ್ಲಿ ನಾನು ಹೇಳುವ ಎಚ್ಚರಿಕೆ ಇದೇ.

ನಡುವೆ ಎಂಜಿನ್ ಇರುವ, ಹಿಂದಿನ ಚಕ್ರಕ್ಕೆ ಮಾತ್ರ ಪವರ್ ಇರುವ ಗಾಡಿಗಳಿಂದ ಶುರು ಮಾಡೋಣ. ಫೆರಾರಿ ಎಫ್8, 296, ಹುರಾಕಾನ್‌ನ ಎರಡು ಚಕ್ರದ ಮಾಡೆಲ್, ಪೋರ್ಶೆ 718 ಎಲ್ಲ ಈ ಗುಂಪು. ಭಾರ ನಡುವೆ ಇರುವುದರಿಂದ ಒಣ ರಸ್ತೆಯಲ್ಲಿ ಇವುಗಳ ತಿರುವಿನ ಸುಖ ಬೇರೆ ಯಾವುದಕ್ಕೂ ಇಲ್ಲ. ಅದೇ ಕಾರಣಕ್ಕೆ, ಹಿಡಿತ ತಪ್ಪಿದರೆ ಬಹಳ ಬೇಗ ಗರಗರ ತಿರುಗುತ್ತವೆ. ಸರಿಪಡಿಸಲು ಸಿಗುವ ಹೊತ್ತು ಕಡಿಮೆ. ಫೆರಾರಿಯ ಸ್ಟಿಯರಿಂಗ್ ಮೇಲೆ ಒದ್ದೆ ರಸ್ತೆಗೆಂದೇ ವೆಟ್ ಎನ್ನುವ ಸ್ಥಾನ ಇದೆ. ಮೋಡ ಕಂಡ ಕೂಡಲೇ ಅದಕ್ಕೆ ತಿರುಗಿಸಿ, ಮಳೆ ಬೀಳುವವರೆಗೆ ಕಾಯಬೇಡಿ. 718 ಇವುಗಳಲ್ಲಿ ಸೌಮ್ಯ, ಪವರ್ ಮಿತವಾಗಿದೆ. ಮೊದಲ ಸ್ಪೋರ್ಟ್ಸ್ ಕಾರು ಎನ್ನುವವರಿಗೆ ನಾನು ಧೈರ್ಯವಾಗಿ ಹೇಳಬಲ್ಲೆ. ಬಟ್ಟೆ ಮಾಡಿನ ಬಾಕ್ಸ್‌ಸ್ಟರ್ ಆದರೆ ಮಾಡಿನ ನೀರು ಹರಿದುಹೋಗುವ ತೂತುಗಳಲ್ಲಿ ಬೇವಿನ ಎಲೆ ಕೂರದಂತೆ ನೋಡಿಕೊಳ್ಳಬೇಕು. ಕೂತರೆ ನೀರು ಸೀಟಿನ ಕಡೆ ಬರುತ್ತದೆ.

ನಡುವೆ ಎಂಜಿನ್, ನಾಲ್ಕು ಚಕ್ರ ಎಂದರೆ ಹುರಾಕಾನ್‌ನ ಸಾಮಾನ್ಯ ಮಾಡೆಲ್, ಆಡಿ ಆರ್8. ಸಿಗ್ನಲಿನಿಂದ ಹೊರಡುವಾಗ, ತಿರುವಿನಿಂದ ಹೊರಬರುವಾಗ ಇವು ಹೆಚ್ಚು ನೆಮ್ಮದಿ ಕೊಡುತ್ತವೆ. ಲ್ಯಾಂಬೋರ್ಗಿನಿಯೇ ಬೇಕು, ಮಳೆಯಲ್ಲೂ ಆಗಾಗ ತೆಗೆಯಬೇಕು ಎನ್ನುವವರು ಎರಡು ಚಕ್ರದ್ದು ಬಿಟ್ಟು ಇದನ್ನೇ ತಗೊಳ್ಳಿ. ಆದರೆ ಆ 73.5 ಮಿಲಿಮೀಟರಿನ ಗೋಡೆ ಮತ್ತು ತಗ್ಗಿದ ಮೂತಿ ಇಲ್ಲೂ ಅವೇ.

911ರ ಲೆಕ್ಕ ಬೇರೆ. ಎಂಜಿನ್ ಹಿಂದಿನ ಚಕ್ರಕ್ಕಿಂತಲೂ ಹಿಂದೆ ಇದೆ. ಆ ಭಾರವೆಲ್ಲ ಪವರ್ ಹೋಗುವ ಚಕ್ರದ ಮೇಲೆ ಕೂತಿರುವುದರಿಂದ ಎರಡೇ ಚಕ್ರದ ಕರೇರಾ ಕೂಡ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. 2018ರ ಕೊನೆಗೆ ಬಂದ ಈಗಿನ ಪೀಳಿಗೆಯಲ್ಲಿ ಇನ್ನೊಂದು ಒಳ್ಳೆಯ ವಸ್ತು ಇದೆ. ಮುಂದಿನ ಚಕ್ರದ ಗೂಡಿನಲ್ಲಿ ಸದ್ದು ಕೇಳುವ ಸೆನ್ಸರ್ ಇಟ್ಟಿದ್ದಾರೆ. ಟೈರ್ ಎರಚುವ ನೀರಿನ ಸದ್ದು ಕೇಳಿ ರಸ್ತೆ ಒದ್ದೆಯಾಗಿದೆ ಎಂದು ಅದು ತಿಳಿಸುತ್ತದೆ, ವೆಟ್ ಮೋಡ್ ಹಾಕಿ ಎಂದು ಸೂಚಿಸುತ್ತದೆ. ವೈಪರ್ ನೋಡಿ ಊಹಿಸುವುದಲ್ಲ. ಮಳೆ ನಿಂತ ಮೇಲೂ ರಸ್ತೆಯಲ್ಲಿ ನೀರಿದ್ದರೆ ಗೊತ್ತಾಗುತ್ತದೆ. ನಮ್ಮ ಕಡೆ ಇದು ನಿಜಕ್ಕೂ ಉಪಯೋಗ. ಒಂದೇ ಕೊರತೆ, ಮೂತಿ ಹಗುರ. ನಿಂತ ನೀರಿನಲ್ಲಿ ಮುಂದಿನ ಟೈರ್ ಮೊದಲು ತೇಲುತ್ತದೆ. ಹಾಗಾದಾಗ ಬ್ರೇಕ್ ಒತ್ತದೆ, ಸ್ಟಿಯರಿಂಗ್ ಎಳೆದಾಡದೆ, ಆಕ್ಸಿಲರೇಟರ್ ನಿಧಾನ ಬಿಟ್ಟು ನೇರವಾಗಿ ಹೋಗಲು ಬಿಡಬೇಕು.

ಮುಂದೆ ಎಂಜಿನ್ ಇರುವ ಮಸ್ಟಾಂಗ್ ಜಿಟಿ, ಬಿಎಂಡಬ್ಲ್ಯು ಎಂ2 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎತ್ತರ ಪರವಾಗಿಲ್ಲ, ಹಿಂಭಾಗ ಹಗುರ, ಒದ್ದೆಯಲ್ಲಿ ಬಾಲ ಅಲ್ಲಾಡಿಸುವುದು ಅವುಗಳ ಗುಣ. ನಾಲ್ಕು ಚಕ್ರದ ಎಂ4 ಸಿಕ್ಕರೆ ದಿನಬಳಕೆಗೂ ಆಗುತ್ತದೆ.

ಉಳಿದದ್ದು ಎತ್ತರಿಸಿದ ಗಾಡಿಗಳು. 2022ರಲ್ಲಿ ತೋರಿಸಿದ 911 ಡಕಾರ್, ಸ್ಪೋರ್ಟ್ ಸಸ್ಪೆನ್ಶನ್ ಇರುವ ಕರೇರಾಗಿಂತ 50 ಮಿಲಿಮೀಟರ್ ಮೇಲಿದೆ, ಬಟನ್ ಒತ್ತಿದರೆ ಇನ್ನೂ 30 ಏಳುತ್ತದೆ. ಮಾಡಿದ್ದು 2,500 ಮಾತ್ರ. ಹುರಾಕಾನ್ ಸ್ಟೆರಾಟೊ ತನ್ನ ತಮ್ಮಂದಿರಿಗಿಂತ 44 ಮಿಲಿಮೀಟರ್ ಎತ್ತರ, ಮಾಡಿದ್ದು 1,499. ಎರಡೂ ನಮ್ಮ ರಸ್ತೆಗೆ ಹೇಳಿ ಮಾಡಿಸಿದಂತಿವೆ, ಆದರೆ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳುವಂತಿಲ್ಲ. ಲ್ಯಾಂಬೋರ್ಗಿನಿಯ ಉರುಸ್, ಪೋರ್ಶೆಯ ಕಯೆನ್, ಫೆರಾರಿಯ ಪುರೋಸಾಂಗ್ವೆ, ಈ ಎತ್ತರದ ಗಾಡಿಗಳನ್ನು ಸ್ಪೋರ್ಟ್ಸ್ ಕಾರು ಅನ್ನಬೇಕೋ ಬೇಡವೋ ಎನ್ನುವ ವಾದ ಇರಲಿ. ಗದಗದ ಆಚೆ ತೋಟದ ಮನೆ ಇದ್ದು ಕೊನೆಯ ಒಂದೆರಡು ಕಿಲೋಮೀಟರ್ ಎರಿ ದಾರಿ ಇದ್ದರೆ, ಇವುಗಳ ಬಿಟ್ಟು ಬೇರೆ ಯೋಚನೆ ಬೇಡ. ಎರಿ ಕೆಸರಿನಲ್ಲಿ ಅವೂ ಹುಗಿಯಬಹುದು ಎನ್ನುವುದು ನೆನಪಿರಲಿ.

ಹಾಗಾದರೆ ಒಂದೇ ಗಾಡಿ, ವರ್ಷಪೂರ್ತಿ, ವಾಸ ಹುಬ್ಬಳ್ಳಿ ಅಥವಾ ಧಾರವಾಡದಲ್ಲಿ ಎಂದರೆ ನಾನು ಹೇಳುವುದು ಸಾದಾ 911 ಕರೇರಾ. ಚಿಕ್ಕ ಚಕ್ರ, ಮುಂಭಾಗದ ಲಿಫ್ಟ್, ವೆಟ್ ಮೋಡ್. ಕರೇರಾ 4ಎಸ್‌ಗೆ ಹೆಚ್ಚು ಕೊಡುವ ದುಡ್ಡು ಉಳಿಸಿ. ಅದರಲ್ಲಿ ನಾಲ್ಕು ಚಕ್ರದ ಜೊತೆ ಇನ್ನೂ ಅಗಲ ಟೈರ್, ಇನ್ನೂ ಗಿಡ್ಡ ಗೋಡೆ ಬರುತ್ತದೆ. ಉಳಿದ ದುಡ್ಡಿನಲ್ಲಿ ಎರಡು ವರ್ಷಕ್ಕೊಮ್ಮೆ ಹೊಸ ಟೈರ್ ಹಾಕಿಸಿ. ಹಾವೇರಿ, ರಾಣೇಬೆನ್ನೂರಿನವರು ಹೆಚ್ಚಾಗಿ ಹೆದ್ದಾರಿಯಲ್ಲೇ ಓಡಿಸುವುದಾದರೆ ಅವರಿಗೂ ಇದೇ ಮಾತು.

ಯಾವ ದಾರಿ, ಯಾವ ಹೊತ್ತು

ಮಳೆಯಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಬೈಪಾಸಿಗಿಂತ ನವನಗರದ ಒಳದಾರಿಯೇ ನನಗೆ ಇಷ್ಟ. ಹಂಪ್, ಸಿಗ್ನಲ್ ಇದ್ದರೂ ಬೆಳಕಿದೆ, ವೇಗ ಕಡಿಮೆ. ಬೈಪಾಸಿನಲ್ಲಿ ಲಾರಿ ಹಿಂದೆ ಬಿದ್ದರೆ ಅದರ ಚಕ್ರ ಎರಚುವ ನೀರಿಗೆ ನಿಮ್ಮ ಗಾಡಿಯ ಗಾಜು ಪೂರ್ತಿ ಮುಚ್ಚುತ್ತದೆ. ನೀವು ಲಾರಿಯ ಚಕ್ರದ ಎತ್ತರಕ್ಕೆ ಕೂತಿರುತ್ತೀರಿ. ಲಾರಿಯವನಿಗೂ ಕನ್ನಡಿಯಲ್ಲಿ ನೀವು ಕಾಣುವುದಿಲ್ಲ. ಹಗಲಲ್ಲೂ ಲೈಟ್ ಹಾಕಿರಿ.

ಗದಗ ಹೆದ್ದಾರಿ ಅಗಲ ಇದೆ, ಚೆನ್ನಾಗಿದೆ. ಅಲ್ಲಿ ಗಾಳಿ ಜೋರು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನ ಪಶ್ಚಿಮದ ಗಾಳಿ ಲಾರಿ ದಾಟಿದ ಕೂಡಲೇ ಗಾಡಿಯನ್ನು ತಳ್ಳುತ್ತದೆ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇರಲಿ. ನವಲಗುಂದ ದಾರಿಯಲ್ಲಿ ಬೆಣ್ಣಿಹಳ್ಳ ಮೇಲಿನ ಊರುಗಳಲ್ಲಿ ಮಳೆ ಆದರೂ ಉಕ್ಕುತ್ತದೆ, ಆಕಾಶ ತಿಳಿಯಾಗಿದೆ ಎಂದು ನಂಬಬೇಡಿ. ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಗೋಕರ್ಣಕ್ಕೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಜುಲೈನಲ್ಲಿ ಬೇಡ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಮರೆಯುವಂಥದ್ದಲ್ಲ. ನವೆಂಬರ್‌ನಲ್ಲಿ ಹೋಗಿ, ಅದೇ ದಾರಿ ಬಹಳ ಸುಂದರ.

ಡಿಸೆಂಬರ್-ಜನವರಿಯಲ್ಲಿ ಕಿತ್ತೂರು ಕಡೆಗೆ ಬೆಳಗ್ಗೆ ಮಂಜು ಕವಿಯುತ್ತದೆ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೊರಟಿರುತ್ತವೆ. ಎಷ್ಟೋ ಟ್ರೇಲರಿಗೆ ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಬರುತ್ತದೆ. ಲೋ ಬೀಮ್, ಹಿಂದಿನ ಕೆಂಪು ಫಾಗ್ ಲ್ಯಾಂಪ್ ಹಾಕಿ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸುವ ಅಭ್ಯಾಸ ಬಿಡಿ. ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಬಿಸಿಲು ಬರಲಿ ಎಂದು ಕಾದು ಎಂಟೂವರೆ-ಒಂಬತ್ತಕ್ಕೆ ಹೊರಟರೆ ಅರ್ಧ ಅಪಾಯ ಕಡಿಮೆ.

ಕಾರ್ಬನ್ ಸೆರಾಮಿಕ್ ಬ್ರೇಕ್ ಇರುವವರಿಗೆ ಒಂದು ಮಾತು. ಗಾಡಿ ತೊಳೆದ ಮೇಲೆ, ಅಥವಾ ಮಳೆಯಲ್ಲಿ ಬಹಳ ಹೊತ್ತು ಬ್ರೇಕ್ ಮುಟ್ಟದೆ ಓಡಿಸಿದ ಮೇಲೆ ಮೊದಲ ಸಲ ಒತ್ತಿದಾಗ ಅದು ತಡವಾಗಿ ಹಿಡಿಯುತ್ತದೆ. ಹಿಂದೆ ಗಾಡಿ ಇಲ್ಲದಾಗ ಆಗಾಗ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ವಿಮೆ, ಮತ್ತು ಹಳೆಯ ಗಾಡಿ ಕೊಳ್ಳುವಾಗ

ಸಾಮಾನ್ಯ ಸಮಗ್ರ ವಿಮೆಯಲ್ಲಿ ನೀರು ಕುಡಿದ ಎಂಜಿನ್ ಸಾಮಾನ್ಯವಾಗಿ ಸೇರುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇರೆ ತಗೋಬೇಕು. ಟೈರ್-ರಿಮ್ ರಕ್ಷಣೆಯೂ ಇರಲಿ. ಗಾಡಿ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಂದು, ಎಂಜಿನ್ ಪೂರ್ತಿ ಹಾಳಾಗುತ್ತದೆ. ಎರಡು, ನೀವೇ ಹಾನಿ ಹೆಚ್ಚಿಸಿದಿರಿ ಎಂದು ಕ್ಲೇಮ್ ತಿರಸ್ಕರಿಸಬಹುದು. ಫೋಟೋ ತೆಗೆದು, ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ. ಸರಪಳಿ ಕಟ್ಟಿ ಎಳೆಯುವ ಸಾಮಾನ್ಯ ಟೋಯಿಂಗ್ ಗಾಡಿಗೆ ಈ ಕಾರು ಕೊಡಬಾರದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರಿಗಿಂತ ಜಾಸ್ತಿ. ಆ ದೂರಕ್ಕೆ ವಿಮೆಯ ಸಹಾಯವಾಣಿ ಫ್ಲಾಟ್‌ಬೆಡ್ ಕಳಿಸುತ್ತದೆಯೇ, ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಎನ್ನುವುದನ್ನು ಪಾಲಿಸಿ ಮಾಡಿಸುವಾಗಲೇ ಬರೆಸಿಕೊಳ್ಳಿ.

ಹಳೆಯ ಗಾಡಿ ನೋಡಲು ಮಳೆಗಾಲದಲ್ಲೇ ಹೋಗಿ. ಬೇಸಿಗೆಯಲ್ಲಿ ಪಾಲಿಶ್ ಹೊಡೆದು ನಿಲ್ಲಿಸಿದ ಗಾಡಿ ಏನೂ ಹೇಳುವುದಿಲ್ಲ. ಕಾರ್ಪೆಟ್ ಎತ್ತಿ ವಾಸನೆ ನೋಡಿ, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಅಂಚಿನಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ. ಲಿಫ್ಟ್ ಹತ್ತಾರು ಸಲ ಏರಿಸಿ ಇಳಿಸಿ. ಆಮೇಲೆ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ, ಅಡಿಯ ತಗಡುಗಳ ಸ್ಕ್ರೂಗಳೆಲ್ಲ ಒಂದೇ ಬಗೆಯವೇ, ಹೊಸವು ಮಧ್ಯೆ ಸೇರಿವೆಯೇ ಎಂದು ಟಾರ್ಚ್ ಹಿಡಿದು ಒಂದೊಂದಾಗಿ ನೋಡಿ.